ಪರದೆಯ ಹಿಂದಿನ ಯಜಮಾನಿಕೆ: ಗುಬ್ಬಿ ವೀರಣ್ಣನವರ ಬದುಕಿನ ಒಂದು ಮರುಪರಿಶೀಲನೆ

1. ಪ್ರಸ್ತಾವನೆ

ಇಂದು ದಾವಣಗೆರೆ ಜಿಲ್ಲೆಯಲ್ಲಿರುವ, 1997ಕ್ಕೆ ಮೊದಲು ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ, ಮಲೆನಾಡಿನ ಅಂಚು ಬಯಲುಸೀಮೆಯನ್ನು ಕೂಡುವ ಪ್ರದೇಶದ ಒಂದು ಹೋಬಳಿ ಕೇಂದ್ರ. ತುಂಗಭದ್ರೆಯ ಆಸುಪಾಸಿನ ಇಂತಹ ಸೀಮೆಗಳಲ್ಲಿ ಸುಗ್ಗಿ ಮುಗಿದ ಮೇಲಿನ ಬಿಡುವಿನ ದಿನಗಳು ಜಾತ್ರೆಗಳ ದಿನಗಳೂ ಹೌದು, ನಾಟಕದ ದಿನಗಳೂ ಹೌದು. ಊರಿನ ತರುಣರು ಸೇರಿ ಹಾರ್ಮೋನಿಯಂ ಮಾಸ್ತರರೊಬ್ಬರನ್ನು ಗೊತ್ತುಮಾಡಿ, ಪರದೆಗಳನ್ನು ಬಾಡಿಗೆಗೆ ತಂದು, ಸ್ತ್ರೀಪಾತ್ರಗಳಿಗೆ ವೃತ್ತಿ ಕಲಾವಿದೆಯರನ್ನು ಕರೆಸಿ ಆಡುವ ನಾಟಕಗಳು ಮಧ್ಯಕರ್ನಾಟಕದ ಹಳ್ಳಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಈ ನಾಟಕಗಳ ರಂಗಗೀತೆ, ಬಣ್ಣದ ಪರದೆ, ಮುಖ್ಯ ಕಥೆಯ ನಡುವೆ ಬರುವ ಹಾಸ್ಯಪ್ರಸಂಗ, ಎತ್ತರದ ದನಿಯ ಸಂಭಾಷಣೆ ಇವೆಲ್ಲವೂ ವೃತ್ತಿನಾಟಕ ಕಂಪನಿಗಳ ಬಳುವಳಿ.

ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಊರಿನ ನಾಟಕ ಒಂದು ರಾತ್ರಿಯದು. ಮರುದಿನ ಬಣ್ಣ ಅಳಿಸಿಕೊಂಡ ನಟ ತನ್ನ ಹೊಲಕ್ಕೋ ಅಂಗಡಿಗೋ ಮರಳುತ್ತಾನೆ. ಕಂಪನಿಯ ನಟನಿಗೆ ಮರಳಿಹೋಗಲು ಬೇರೆ ಕಸುಬಿರಲಿಲ್ಲ. ಜಾತ್ರೆ ಮುಗಿದರೂ, ಮಳೆ ಹಿಡಿದರೂ, ಟಿಕೆಟ್ಟು ಮಾರಾಟವಾಗದಿದ್ದರೂ ಕಂಪನಿಯ ಒಲೆ ದಿನಕ್ಕೆರಡು ಹೊತ್ತು ಉರಿಯಲೇಬೇಕಾಗಿತ್ತು. ಗಳಿಕೆ ಋತುವಿಗೆ ಕಟ್ಟುಬಿದ್ದದ್ದು, ಖರ್ಚು ಹನ್ನೆರಡು ತಿಂಗಳಿನದು. ಕನ್ನಡ ವೃತ್ತಿರಂಗಭೂಮಿಯ ನೇಪಥ್ಯದ ಬಹುಪಾಲು ಸಂಕಟಗಳ ಮೂಲ ಈ ಅಸಮತೋಲನದಲ್ಲಿದೆ.

ಈ ಅಸಮತೋಲನವನ್ನು ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲ ಹೊತ್ತು ನಡೆದವರು ಗುಬ್ಬಿ ಹಂಪಣ್ಣ ವೀರಣ್ಣನವರು (1891-1972). ಅವರನ್ನು ಕುರಿತ ಬರವಣಿಗೆ ಕನ್ನಡದಲ್ಲಿ ಕಡಿಮೆಯಿಲ್ಲ. ಅದರಲ್ಲಿ ಹೆಚ್ಚಿನದು ಅವರ ಹಾಸ್ಯಪಾತ್ರಗಳನ್ನು, ಪಡೆದ ಬಿರುದುಗಳನ್ನು, ರಂಗದ ಮೇಲೆ ತಂದ ವೈಭವವನ್ನು, ಅವರ ಕಂಪನಿಯಿಂದ ಹೊರಬಂದ ಕಲಾವಿದರ ದೊಡ್ಡ ಪಟ್ಟಿಯನ್ನು ನೆನೆಯುತ್ತದೆ. ಪ್ರೇಕ್ಷಕರು ಕಂಡ ವೀರಣ್ಣನವರು ಹೀಗೆ ದಾಖಲಾಗಿದ್ದಾರೆ. ಪರದೆಯ ಹಿಂದೆ ದಿನನಿತ್ಯ ಸಂಸ್ಥೆಯನ್ನು ನಡೆಸಿದ ವೀರಣ್ಣನವರು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅವರ ಬದುಕನ್ನು ಯಜಮಾನಿಕೆಯ ಕಷ್ಟನಷ್ಟಗಳ ನೆಲೆಯಿಂದ ಮರಳಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

2. ಬಾಲನಟನಿಂದ ಮಾಲೀಕನವರೆಗೆ

ಗುಬ್ಬಿಯ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಊರಿನ ಆರಾಧ್ಯದೈವವಾದ ಚನ್ನಬಸವೇಶ್ವರನ ಹೆಸರಿನಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದ ಗೆಳೆಯರು ಕೂಡಿ ಅದನ್ನು ಕಟ್ಟಿದರು. ಲಿಂಗಾಯತರೂ ಮುಸಲ್ಮಾನರೂ ಒಟ್ಟಾಗಿ ಪಾಲುದಾರರಾದ ಈ ಆರಂಭವನ್ನು ಸಾಂಸ್ಕೃತಿಕ ಸೌಹಾರ್ದದ ನಿದರ್ಶನವಾಗಿ ಕಾಣುವುದು ಸಹಜವೇ. ಅದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಕಾಣಬೇಕು. ಅದಕ್ಕೆ ಕೆಲವು ವರ್ಷಗಳ ಹಿಂದೆ ಮೈಸೂರಿನಲ್ಲಿ ತಲೆಯೆತ್ತಿದ್ದ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆಗೆ ಅರಮನೆಯ ಆಶ್ರಯವಿತ್ತು, ಬಸವಪ್ಪಶಾಸ್ತ್ರಿಗಳಂತಹ ಆಸ್ಥಾನ ವಿದ್ವಾಂಸರ ಲೇಖನಿಯಿತ್ತು. ಗುಬ್ಬಿಯವರಿಗೆ ಇದ್ದದ್ದು ತಮ್ಮ ಕೈಯ ಬಂಡವಾಳ ಮತ್ತು ಟಿಕೆಟ್ಟು ಕೊಳ್ಳುವ ಜನ. ಅರಮನೆಯ ತಂಡಕ್ಕೆ ಪ್ರಭುವಿನ ಮೆಚ್ಚುಗೆ ಸಾಕಾಗಿತ್ತು. ಗುಬ್ಬಿಯ ತಂಡ ಪ್ರತಿರಾತ್ರಿ ಅಪರಿಚಿತರ ಮೆಚ್ಚುಗೆಯನ್ನು ಗಳಿಸಬೇಕಾಗಿತ್ತು.

ಈ ತಂಡದ ಸಂಚಾರಕ್ಕೆ ಕಾಲವೂ ಅನುಕೂಲವಾಗಿ ಬಂದಿತು. 1880ರ ದಶಕದಲ್ಲಿ ಬೆಂಗಳೂರಿನಿಂದ ಹೊರಟ ರೈಲುಮಾರ್ಗ ತುಮಕೂರು, ಗುಬ್ಬಿಗಳನ್ನು ದಾಟಿ ಅರಸೀಕೆರೆ, ಬೀರೂರು, ದಾವಣಗೆರೆಗಳ ಮೂಲಕ ಹರಿಹರದತ್ತ ಚಾಚಿತು. ಪರದೆಗಳ ಸುರುಳಿ, ಉಡುಪಿನ ಪೆಟ್ಟಿಗೆ, ಅಡುಗೆಯ ಹಂಡೆಗಳನ್ನು ಸಾಗಿಸಬೇಕಾದ ಕಂಪನಿಗಳಿಗೆ ಈ ಹಳಿಯೇ ಹೆದ್ದಾರಿಯಾಯಿತು. ನಿಲ್ದಾಣವಿದ್ದ ಊರುಗಳು ಮೊಕ್ಕಾಮಿನ ಊರುಗಳಾದವು. ಹಳಿಯಿಂದ ದೂರವಿದ್ದ ಹಳ್ಳಿಗಳ ಜನ ಗಾಡಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ನಾಟಕ ನೋಡಿ, ಬೆಳಗಿನ ಜಾವ ಊರಿಗೆ ಮರಳುವ ಪದ್ಧತಿ ಬೆಳೆಯಿತು.

ವೀರಣ್ಣನವರು ಸುಮಾರು ಆರನೆಯ ವಯಸ್ಸಿನಲ್ಲಿಯೇ ಈ ಸಂಘವನ್ನು ಸೇರಿದರು. ಅವರ ಶಿಕ್ಷಣವೆಲ್ಲ ಕಂಪನಿಯೊಳಗೇ ನಡೆಯಿತು. ಅಂದಿನ ಕಂಪನಿಗಳಲ್ಲಿ ಬಾಲನಟನೆಂದರೆ ರಂಗದ ಮೇಲೆ ಕೃಷ್ಣನೋ ಪ್ರಹ್ಲಾದನೋ ಆಗುವವನಷ್ಟೇ ಆಗಿರಲಿಲ್ಲ. ಹಿರಿಯ ನಟರ ಉಡುಪು ಮಡಿಸುವ, ಬಣ್ಣ ಅರೆಯುವ, ಕರೆದಲ್ಲಿಗೆ ಓಡುವ ಹುಡುಗನೂ ಅವನೇ. ರಾತ್ರಿಯ ಪ್ರದರ್ಶನ, ಹಗಲಿನ ಅಭ್ಯಾಸ, ಇವುಗಳ ನಡುವೆ ಸಿಕ್ಕಷ್ಟು ನಿದ್ರೆ. ವೀರಣ್ಣನವರು ಮುಂದೆ ಯಜಮಾನರಾದಾಗ ಕಂಪನಿಯ ಯಾವ ಕೆಲಸವೂ ಅವರಿಗೆ ಅಪರಿಚಿತವಾಗಿರಲಿಲ್ಲ ಎಂಬುದಕ್ಕೆ ಈ ಬಾಲ್ಯವೇ ಕಾರಣ.

ನಟನಾಗಿ ಅವರು ಆರಿಸಿಕೊಂಡ ದಾರಿ ಹಾಸ್ಯದ್ದು. 'ಸದಾರಮೆ'ಯ ಕಳ್ಳನ ಪಾತ್ರ ಅವರ ಹೆಸರಿನೊಡನೆ ಅಂಟಿಕೊಂಡಿತು. ರಾಜಪಾತ್ರಧಾರಿ ತನ್ನ ಪದ್ಯವನ್ನು ಹಾಡಿ ನಿರ್ಗಮಿಸಬಹುದು. ಹಾಸ್ಯನಟನಿಗೆ ಆ ಸೌಲಭ್ಯವಿಲ್ಲ. ಎದುರಿನ ಜನ ನಗುತ್ತಿದ್ದಾರೆಯೇ ಇಲ್ಲವೇ ಎಂಬುದನ್ನು ಆ ಕ್ಷಣದಲ್ಲಿಯೇ ಅರಿತು ಅವನು ಮಾತನ್ನು ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ಪ್ರೇಕ್ಷಕರ ಒಲವನ್ನು ಅಳೆಯುವ ಈ ಗುಣ ವೀರಣ್ಣನವರ ಯಜಮಾನಿಕೆಗೂ ಬಂಡವಾಳವಾಯಿತೆಂದು ಹೇಳಬಹುದು.

1917ರಲ್ಲಿ ಕಂಪನಿಯ ಒಡೆತನ ಅವರಿಗೆ ಬಂದಿತು. ಆಗ ಅವರಿಗೆ ಇಪ್ಪತ್ತಾರು ವರ್ಷ. ಪಾಲುದಾರಿಕೆಯ ಸಂಘ ಒಬ್ಬರ ಹೊಣೆಯ ಕಂಪನಿಯಾಗಿ ಮಾರ್ಪಟ್ಟದ್ದು ಕೇವಲ ಆಡಳಿತದ ಬದಲಾವಣೆಯಾಗಿರಲಿಲ್ಲ. ಲಾಭ ಒಬ್ಬರದಾದಂತೆ ಸಾಲವೂ ಒಬ್ಬರದಾಯಿತು. ಮರುವರ್ಷವೇ, 1918ರಲ್ಲಿ, ಇನ್‌ಫ್ಲುಯೆಂಜಾ ಪಿಡುಗು ದೇಶದ ಉಳಿದ ಭಾಗಗಳಂತೆ ಮೈಸೂರು ಸಂಸ್ಥಾನವನ್ನೂ ಆವರಿಸಿತು. ಅದಕ್ಕೆ ಎರಡು ದಶಕಗಳ ಹಿಂದೆ, ವೀರಣ್ಣನವರು ಬಾಲನಟರಾಗಿದ್ದ ಹೊತ್ತಿನಲ್ಲಿ, ಪ್ಲೇಗು ಸಂಸ್ಥಾನದ ಊರುಗಳನ್ನು ಬರಿದುಮಾಡಿತ್ತು. ಜನ ಗುಂಪುಗೂಡಿದಾಗ ಮಾತ್ರ ಬದುಕುವ ಉದ್ಯಮಕ್ಕೆ, ಜನ ಗುಂಪುಗೂಡಲು ಅಂಜುವ ಕಾಲಕ್ಕಿಂತ ದೊಡ್ಡ ಶತ್ರು ಬೇರೊಂದಿಲ್ಲ.

3. ಬೇಸಿಗೆಯ ಗಳಿಕೆ, ಮಳೆಗಾಲದ ಖರ್ಚು

ಕಂಪನಿಯ ಒಂದು ಮೊಕ್ಕಾಮಿನ ಹಿಂದೆ ಎಷ್ಟು ಬಗೆಯ ಕೆಲಸಗಳಿದ್ದವೆಂಬುದನ್ನು ಇಲ್ಲಿ ವಿವರಿಸುವುದು ಅಗತ್ಯ. ಮೊದಲು ಕಂಪನಿಯ ಮ್ಯಾನೇಜರ್ ಮುಂದಾಗಿ ಆ ಊರಿಗೆ ಹೋಗಿ ಜಾಗ ಗೊತ್ತುಮಾಡಬೇಕು. ಊರಿನ ಪ್ರಮುಖರನ್ನು ಕಂಡು ಅವರ ಒಲವು ಸಂಪಾದಿಸಬೇಕು. ಬ್ರಿಟಿಷರ 1876ರ ನಾಟಕ ಪ್ರದರ್ಶನ ಕಾಯಿದೆಯ ನಂತರ ನಾಟಕವೆಂಬುದು ಸರ್ಕಾರದ ಕಣ್ಗಾವಲಿಗೆ ಒಳಪಟ್ಟ ವಿಷಯವಾಗಿತ್ತು; ಪರವಾನಗಿಗಾಗಿ ಕಚೇರಿಯ ಮೆಟ್ಟಿಲು ಹತ್ತುವುದು ಕಂಪನಿಗಳ ನಿತ್ಯದ ಕಷ್ಟಗಳಲ್ಲೊಂದಾಯಿತು. ಆಮೇಲೆ ಬೊಂಬು, ಗಳ, ತಗಡು, ಗರಿಗಳಿಂದ ತಾತ್ಕಾಲಿಕ ಥಿಯೇಟರು ಏಳಬೇಕು. ನೆಲ, ಬೆಂಚು, ಕುರ್ಚಿ ಎಂದು ದರ್ಜೆಗಳನ್ನು ವಿಂಗಡಿಸಬೇಕು. ಹೆಂಗಸರಿಗೆ ಬೇರೆ ಜಾಗ ಮಾಡಬೇಕು. ನಟರು ಇಳಿದುಕೊಳ್ಳಲು ಮನೆ ಹುಡುಕಬೇಕು. ನಾಟಕ ನೋಡಲು ಮುಗಿಬೀಳುವ ಊರೇ ನಾಟಕದವರಿಗೆ ಮನೆ ಕೊಡಲು ಹಿಂಜರಿಯುತ್ತಿದ್ದುದು ಆ ಕಾಲದ ಕಟುವಾಸ್ತವಗಳಲ್ಲೊಂದು.

ಪ್ರದರ್ಶನ ಆರಂಭವಾದ ಮೇಲೂ ಕಲೆಕ್ಷನ್ನಿನ ಚಿಂತೆ ತಪ್ಪುತ್ತಿರಲಿಲ್ಲ. ಪ್ರಭಾವವುಳ್ಳವರು ಬೇಡುವ ಪುಕ್ಕಟೆ ಪಾಸುಗಳು ಎಲ್ಲ ಕಂಪನಿಗಳನ್ನೂ ಕಾಡಿದ ಪಿಡುಗು. ಪಾಸು ಕೊಟ್ಟರೆ ಮುಂದಿನ ಸಾಲು ಹಣ ತರುವುದಿಲ್ಲ. ಕೊಡದಿದ್ದರೆ ಮುಂದಿನ ಮೊಕ್ಕಾಮಿಗೆ ಅಡ್ಡಿ ತಪ್ಪುವುದಿಲ್ಲ. ತುಂಬಿದ ಥಿಯೇಟರಿಗೂ ತುಂಬಿದ ಪೆಟ್ಟಿಗೆಗೂ ನಡುವೆ ಇದ್ದ ಅಂತರವನ್ನು ಯಜಮಾನನೊಬ್ಬನೇ ಬಲ್ಲವನಾಗಿದ್ದ.

ಬೇಸಿಗೆ ಗಳಿಕೆಯ ಕಾಲವೆಂಬುದು ನಿಜವಾದರೂ ಅದು ನಿಶ್ಚಿಂತೆಯ ಕಾಲವಾಗಿರಲಿಲ್ಲ. ಕಾದ ತಗಡಿನ ಕೆಳಗೆ, ಗ್ಯಾಸ್ ದೀಪಗಳ ಝಳದಲ್ಲಿ, ಜರಿಯ ಭಾರದ ಉಡುಪು ತೊಟ್ಟು ನಡುರಾತ್ರಿ ಮೀರುವವರೆಗೆ ಹಾಡಿ ಮಾತನಾಡಬೇಕಾದ ನಟನ ದೇಹಶ್ರಮ ಸಾಮಾನ್ಯವಾದುದಲ್ಲ. ಜನ ಕೂಗುವ ಒನ್ಸ್ ಮೋರ್ ನಟನಿಗೆ ಗೌರವವೂ ಹೌದು, ಗಂಟಲಿಗೆ ಶಿಕ್ಷೆಯೂ ಹೌದು. ಬಟ್ಟೆಯ ಪರದೆ, ಒಣಗರಿಯ ಚಪ್ಪರ, ಉರಿಯುವ ದೀಪ ಒಂದೇ ಕಡೆ ಸೇರಿದ್ದರಿಂದ ಬೆಂಕಿಯ ಭಯ ಪ್ರತಿರಾತ್ರಿಯದು. ಮದುವೆಗಳ ಲಗ್ನ ಒತ್ತಾಗಿ ಬಂದ ವಾರಗಳಲ್ಲಿ ಜನರ ಕೈಯ ಹಣ ಬೇರೆಡೆಗೆ ಹರಿಯುತ್ತಿತ್ತು. ಭರಣಿ, ಕೃತ್ತಿಕೆಗಳ ಗಾಳಿಮಳೆ ಸಂಜೆಯ ಹೊತ್ತಿಗೇ ಎದ್ದರೆ ಆ ರಾತ್ರಿಯ ಆಟ ಮುಗಿದಂತೆಯೇ. ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ, ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಯಾವ ನಟನ ದನಿಯೂ ಹಿಂದಿನ ಸಾಲನ್ನು ಮುಟ್ಟುವಂತಿರಲಿಲ್ಲ.

ಮೃಗಶಿರೆಯಿಂದ ಮುಂದಿನದು ಇನ್ನೂ ಕಠಿಣವಾದ ಕಾಲ. ರೈತ ಹೊಲಕ್ಕಿಳಿದ ಮೇಲೆ ಅವನ ಬಳಿ ಬಿಡುವೂ ಇಲ್ಲ, ಹಣವೂ ಇಲ್ಲ. ಮಲೆನಾಡಿನ ಸೆರಗಿನ ಊರುಗಳಲ್ಲಿ ತಾತ್ಕಾಲಿಕ ಥಿಯೇಟರು ನಿಲ್ಲುವುದೇ ಕಷ್ಟ. ಕಂಪನಿಗಳ ಮುಂದಿದ್ದ ದಾರಿಗಳು ಎರಡು: ಕಟ್ಟಡವಿದ್ದ ದೊಡ್ಡ ಊರಿಗೆ ಹೋಗಿ ನೆಲೆಸುವುದು, ಇಲ್ಲವೇ ಸಾಲ ಮಾಡಿ ಹೊಸ ನಾಟಕದ ಅಭ್ಯಾಸದಲ್ಲಿ ದಿನ ಕಳೆಯುವುದು. ವೀರಣ್ಣನವರು ಇದಕ್ಕೆ ಮೂರನೆಯ ದಾರಿಯನ್ನೂ ಹುಡುಕಿಕೊಂಡರು. ಅವರ ಕಂಪನಿ ಕನ್ನಡನಾಡಿನ ಗಡಿ ದಾಟಿ ತೆಲುಗು, ತಮಿಳು ಸೀಮೆಗಳಲ್ಲಿಯೂ ಸಂಚರಿಸಿತು. ತೆಲುಗಿನಲ್ಲಿಯೂ ನಾಟಕಗಳನ್ನು ಆಡಿತು. ಕರ್ನಾಟಕಾಂಧ್ರ ನಾಟಕ ಸಾರ್ವಭೌಮ ಎಂಬ ಬಿರುದು ಅವರಿಗೆ ಸಂದದ್ದು ಈ ಸಂಚಾರದ ಫಲ. ನೈರುತ್ಯ ಮಾರುತದ ತಿಂಗಳುಗಳಲ್ಲಿ ಮಲೆನಾಡು ನೀರಿನಲ್ಲಿ ಮುಳುಗಿರುವಾಗ ಮದರಾಸು ಕರಾವಳಿಯಲ್ಲಿ ಮಳೆ ಕಡಿಮೆ; ಅಲ್ಲಿನ ಮುಖ್ಯ ಮಳೆ ಬರುವುದು ಅಕ್ಟೋಬರಿನ ಅನಂತರ. ಭಾಷೆಯ ಗಡಿ ದಾಟುವ ಉತ್ಸಾಹದ ಹಿಂದೆ ಋತುವಿನ ಗಡಿ ದಾಟುವ ಲೆಕ್ಕಾಚಾರವೂ ಇದ್ದಿರಬಹುದೆಂದು ಊಹಿಸಲು ಅವಕಾಶವಿದೆ. ಬಹುಭಾಷಿಕತೆಯನ್ನು ಕಲೆಯ ಔದಾರ್ಯವಾಗಿ ಮಾತ್ರ ವಿವರಿಸುವ ಬರವಣಿಗೆ ಈ ಲೆಕ್ಕವನ್ನು ಕೈಬಿಡುತ್ತದೆ.

4. ನೇಪಥ್ಯದ ಜನ

ನಾಟಕವೊಂದಕ್ಕೆ ರಂಗದ ಮೇಲೆ ಇಪ್ಪತ್ತು ಮಂದಿ ಬೇಕಾದರೆ ಹಿಂದೆ ಅದಕ್ಕಿಂತ ಹೆಚ್ಚು ಮಂದಿ ಬೇಕು. ಪರದೆ ಎಳೆಯುವವರು, ಪರದೆ ಬರೆಯುವ ಚಿತ್ರಕಾರರು, ಬಡಗಿಗಳು, ದರ್ಜಿಗಳು, ದೀಪದವರು, ಹಾರ್ಮೋನಿಯಂ ತಬಲಗಳ ವಾದಕರು, ಸೈಡ್‌ವಿಂಗಿನಲ್ಲಿ ನಿಂತು ಮಾತು ಒದಗಿಸುವ ಪ್ರಾಂಪ್ಟರ್, ಗೇಟಿನವರು, ಹ್ಯಾಂಡ್‌ಬಿಲ್ ಹಂಚುವವರು, ಅಡುಗೆಯವರು. ಇವರೊಡನೆ ಇವರ ಹೆಂಡತಿ ಮಕ್ಕಳು. ಗುಬ್ಬಿ ಕಂಪನಿ ಬೆಳೆದಂತೆ ಈ ಜನಸಂಖ್ಯೆ ನೂರನ್ನು ಮೀರಿತು. ವಾಸ್ತವದಲ್ಲಿ ಅದೊಂದು ಚಲಿಸುವ ಊರು. ಜ್ವರ ಬಂದವರಿಗೆ ಔಷಧ, ಹೆರಿಗೆ, ಬಾಣಂತನ, ಮಕ್ಕಳ ಅಕ್ಷರಾಭ್ಯಾಸ, ಜಗಳಗಳ ನ್ಯಾಯತೀರ್ಮಾನ ಎಲ್ಲವೂ ಯಜಮಾನನ ಬಾಗಿಲಿಗೇ ಬರುತ್ತಿದ್ದವು.

ಈ ವ್ಯವಸ್ಥೆ ಕುಟುಂಬದ ಮಾದರಿಯದು. ಅದರ ಬಲವೂ ದೌರ್ಬಲ್ಯವೂ ಅಲ್ಲಿಯೇ ಇವೆ. ಆಟವಿಲ್ಲದ ದಿನ ಊಟ ಸಿಗುತ್ತದೆಂಬ ಭರವಸೆ ಕಲಾವಿದರಿಗಿತ್ತು. ಆದರೆ ಬಟವಾಡೆಯ ದಿನ ಸಂಬಳ ಪೂರ್ತಿ ಸಿಗುತ್ತದೆಂಬ ಭರವಸೆ ಯಾವ ಕಂಪನಿಯಲ್ಲೂ ಗಟ್ಟಿಯಾಗಿರಲಿಲ್ಲ. ನಟನಿಗೆ ಅನ್ನದ ಋಣವೇ ಕರಾರುಪತ್ರ. ಇತ್ತ ಯಜಮಾನನಿಗೂ ರಕ್ಷಣೆಯಿರಲಿಲ್ಲ. ವರ್ಷಗಟ್ಟಲೆ ಕಲಿಸಿ ಬೆಳೆಸಿದ ನಟ ಮುಂಗಡ ಪಡೆದು ಬೇರೆ ಕಂಪನಿಗೆ ಹೋಗುವುದು, ಮುಖ್ಯಪಾತ್ರಧಾರಿ ಸಂಜೆಯ ವೇಳೆಗೆ ಮುನಿಸಿಕೊಂಡು ಕೂರುವುದು, ದನಿ ಒಡೆದ ಹುಡುಗನಿಗೆ ಹೊಸ ಪಾತ್ರ ಹುಡುಕುವುದು, ವಯಸ್ಸಾದ ಸ್ತ್ರೀಪಾತ್ರಧಾರಿಯ ಮನಸ್ಸು ನೋಯದಂತೆ ಪಾತ್ರ ಬದಲಿಸುವುದು ಇವು ವೃತ್ತಿರಂಗಭೂಮಿಯ ಆಡಳಿತದ ನಿತ್ಯದ ಇಕ್ಕಟ್ಟುಗಳು. ಕಲಾವಿದರ ದೃಷ್ಟಿಯಿಂದ ನೋಡಿದರೆ ಕಂಪನಿ ಬಿಟ್ಟುಹೋಗುವುದು ದ್ರೋಹವಾಗಿರಲಿಲ್ಲ, ಮೇಲೇರಲು ಅವರಿಗಿದ್ದ ಒಂದೇ ಮಾರ್ಗವಾಗಿತ್ತು. ರಂಗಭೂಮಿಯ ಚರಿತ್ರೆ ಈ ಎರಡು ದೃಷ್ಟಿಗಳಲ್ಲಿ ಯಜಮಾನರದನ್ನೇ ಹೆಚ್ಚಾಗಿ ದಾಖಲಿಸಿದೆ.

ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಮಾಡುವ ಬದಲಾವಣೆಯನ್ನು ಬಲಪಡಿಸಿದ ಕಂಪನಿಗಳಲ್ಲಿ ಗುಬ್ಬಿ ಕಂಪನಿಯೂ ಮುಖ್ಯವಾದುದು. ವೀರಣ್ಣನವರ ಪತ್ನಿಯರಾದ ಸುಂದರಮ್ಮನವರೂ ಬಿ. ಜಯಮ್ಮನವರೂ ಕಂಪನಿಯ ನಟಿಯರಾಗಿದ್ದರು. ಗಾಯನ, ಅಭಿನಯಗಳೆರಡರಲ್ಲಿಯೂ ಹೆಸರಾದ ಜಯಮ್ಮನವರು (1915-1988) ಕಂಪನಿಯ ಆಕರ್ಷಣೆಯ ಕೇಂದ್ರಗಳಲ್ಲಿ ಒಬ್ಬರಾದರು. ಅವರ ಪ್ರತಿಭೆಯನ್ನು ಬಹಳ ಮಂದಿ ಬಣ್ಣಿಸಿದ್ದಾರೆ. ರಂಗದ ಮೇಲೆ ನಾಯಕಿಯಾಗಿ, ರಂಗ ಇಳಿದೊಡನೆ ಆ ಚಲಿಸುವ ಊರಿನ ಮನೆಯೊಡತಿಯಾಗಿ ಎರಡು ದುಡಿಮೆಗಳನ್ನು ಇಂತಹ ಸ್ತ್ರೀಯರು ಒಟ್ಟಿಗೆ ಹೊತ್ತಿದ್ದರೆಂಬುದು ಹಿನ್ನೆಲೆಗೆ ಸರಿದಿದೆ. ನಟಿಯೆಂಬ ಕಾರಣಕ್ಕೆ ಹೊರಗಿನ ಸಮಾಜ ತೋರುತ್ತಿದ್ದ ತಾತ್ಸಾರವನ್ನು ನುಂಗಿಕೊಂಡೇ ಅವರು ಸೀತೆ, ಸುಭದ್ರೆಯರಾಗಿ ಅದೇ ಸಮಾಜದ ಕೈಮುಗಿತವನ್ನು ಪಡೆಯಬೇಕಾಗಿತ್ತು.

ಮಕ್ಕಳ ತಂಡವನ್ನು ಕಟ್ಟಿದ್ದು ವೀರಣ್ಣನವರ ದೂರದೃಷ್ಟಿಯ ಕೆಲಸ. ಹಿರಿಯ ನಟರ ಅಸ್ಥಿರತೆಯಿಂದ ಬಳಲುತ್ತಿದ್ದ ಕಂಪನಿಗೆ ಮುಂದಿನ ತಲೆಮಾರನ್ನು ಒಳಗೇ ಸಿದ್ಧಪಡಿಸಿಕೊಳ್ಳುವ ಉಪಾಯ ಅದು. ಜಿ.ವಿ. ಅಯ್ಯರ್ ಹುಡುಗನಾಗಿಯೇ ಕಂಪನಿಗೆ ಬಂದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, ಮುಂದಿನ ರಾಜಕುಮಾರ್, ತಂದೆಯ ಜೊತೆ ಕಂಪನಿಯ ಆವರಣದಲ್ಲಿ ಬೆಳೆದರು. ಊರುಬಿಟ್ಟು ಬಂದ ಬಿ.ವಿ. ಕಾರಂತರಿಗೆ ಕಂಪನಿ ಆಸರೆ ಕೊಟ್ಟಿತು. ಹೆಸರಾದ ಇವರನ್ನು ನೆನೆಯುವಾಗ, ಅದೇ ಚಾಪೆಯ ಮೇಲೆ ಮಲಗಿ ಅದೇ ಸಾಲಿನಲ್ಲಿ ಉಂಡು, ದನಿ ಒಡೆದ ಮೇಲೆ ಪರದೆ ಎಳೆಯುವವರಾಗಿಯೋ ಗೇಟಿನವರಾಗಿಯೋ ಉಳಿದ ಹುಡುಗರನ್ನೂ ನೆನೆಯುವುದು ನ್ಯಾಯ. ಅವರ ಹೆಸರುಗಳು ಯಾವ ಪಟ್ಟಿಯಲ್ಲಿಯೂ ಇಲ್ಲ.

5. ವೈಭವದ ಸುಳಿ

1934ರಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿತವಾದ 'ಕುರುಕ್ಷೇತ್ರ' ಗುಬ್ಬಿ ಕಂಪನಿಯ ಚರಿತ್ರೆಯಲ್ಲಿ ಶಿಖರಪ್ರಾಯವಾದುದು. ಬಿ. ಪುಟ್ಟಸ್ವಾಮಯ್ಯನವರು ಬರೆದ ಈ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳು ರಂಗದ ಮೇಲೆ ಬಂದವು. ಪುರಾಣವನ್ನು ಕಿವಿಯಿಂದ ಕೇಳಿದ್ದ ಜನ ಅದನ್ನು ಕಣ್ಣೆದುರು ಕಂಡರು. ಆ ಬಳಿಕವೂ 'ದಶಾವತಾರ'ದಂತಹ ನಾಟಕಗಳಲ್ಲಿ ಕಂಪನಿ ತಂತ್ರದೃಶ್ಯಗಳ ಚಮತ್ಕಾರವನ್ನು ಮುಂದುವರಿಸಿತು.

ಈ ವೈಭವದ ಬಗ್ಗೆ ಕನ್ನಡ ವಿಮರ್ಶೆಯಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ಒಂದು ಅದನ್ನು ಸಾಹಸವೆಂದು ಕೊಂಡಾಡುತ್ತದೆ. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ಹುಟ್ಟಿದಂದಿನಿಂದ ಬೆಳೆದ ವಿಲಾಸಿ ರಂಗಭೂಮಿಯ ದೃಷ್ಟಿ ಇನ್ನೊಂದು. ನಾಟಕದ ಸತ್ವ ಮಾತಿನಲ್ಲಿ, ಸಮಕಾಲೀನ ಬದುಕಿನಲ್ಲಿ ಇರಬೇಕೆಂದು ಬಯಸಿದ ಆ ಪಂಥಕ್ಕೆ ಆನೆ, ಕುದುರೆಗಳು ಅಭಿರುಚಿಯ ಕೊರತೆಯಾಗಿ ಕಂಡವು. ಎರಡೂ ಅಭಿಪ್ರಾಯಗಳು ವೈಭವವನ್ನು ಯಜಮಾನನ ಇಚ್ಛೆಯ ಸಂಗತಿಯಾಗಿಯೇ ಭಾವಿಸಿವೆ. ಆದರೆ ಅದರ ಹಿಂದಿನ ಆರ್ಥಿಕ ಒತ್ತಡವನ್ನು ಗಮನಿಸದೆ ಚಿತ್ರ ಪೂರ್ಣವಾಗುವುದಿಲ್ಲ.

ವಿಲಾಸಿ ತಂಡದ ನಟ ಹಗಲು ಕಚೇರಿಯಲ್ಲಿ ದುಡಿದು ಸಂಜೆ ನಾಟಕವಾಡುತ್ತಿದ್ದ. ಅವನ ನಾಟಕ ಸೋತರೆ ಅವನ ಮನೆಯ ಒಲೆ ಆರುತ್ತಿರಲಿಲ್ಲ. ಕಂಪನಿ ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾದರೆ ಅದೇ ಜನ ಮತ್ತೆ ಮತ್ತೆ ಬರಬೇಕು. ನೋಡಿದವರು ಊರಿಗೆ ಹೋಗಿ ಹೇಳಬೇಕು. ಸುತ್ತಲಿನ ಹಳ್ಳಿಗಳಿಂದ ಗಾಡಿಗಳು ಹೊರಡಬೇಕು. ಮಾತಿಗಿಂತ ದೃಶ್ಯ ಬೇಗ ಸುದ್ದಿಯಾಗುತ್ತದೆ. ಹಾಗೆಂದು ದೃಶ್ಯಕ್ಕೆ ಹಣ ಹೂಡಿದರೆ ಆ ಹೂಡಿಕೆ ಒಂದು ಊರಿನಲ್ಲಿ ಹಿಂದಿರುಗುವುದಿಲ್ಲ. ಪರಿಕರಗಳೊಡನೆ ಊರೂರು ಅಲೆಯಬೇಕು. ಸರಕು ಹೆಚ್ಚಿದಂತೆ ರೈಲಿನ ವ್ಯಾಗನ್ನುಗಳು ಹೆಚ್ಚುತ್ತವೆ, ಹೊರುವ ಆಳು ಹೆಚ್ಚುತ್ತಾರೆ, ಥಿಯೇಟರು ದೊಡ್ಡದಾಗುತ್ತದೆ, ಪ್ರಾಣಿಗಳಿಗೆ ಮೇವು, ನೀರು, ಮಾವುತ ಬೇಕಾಗುತ್ತಾರೆ. ಆಟವಿಲ್ಲದ ದಿನ ನಟನ ಊಟವನ್ನು ಸರಳಗೊಳಿಸಬಹುದು; ಆನೆಯ ಮೇವನ್ನು ಕಡಿಮೆಮಾಡಲಾಗದು. ಹೀಗೆ ದಿನದ ಖರ್ಚು ಏರಿದಂತೆ ಅದನ್ನು ತುಂಬಲು ಇನ್ನೂ ದೊಡ್ಡ ಆಕರ್ಷಣೆ ಅನಿವಾರ್ಯವಾಗುತ್ತದೆ.

ವೀರಣ್ಣನವರ ಬದುಕಿನ ಮುಖ್ಯ ಇಕ್ಕಟ್ಟು ಈ ಸುಳಿಯಲ್ಲಿದೆ. ಅವರ ಪ್ರತಿಯೊಂದು ಗೆಲುವೂ ಮುಂದಿನ ಮಳೆಗಾಲದ ಭಾರವನ್ನು ಹೆಚ್ಚಿಸಿತು. ಸಣ್ಣ ಕಂಪನಿಗಳು ನಷ್ಟವಾದಾಗ ಪೆಟ್ಟಿಗೆ ಕಟ್ಟಿ ಮನೆಗೆ ಹೋಗಬಹುದಿತ್ತು. ಗುಬ್ಬಿ ಕಂಪನಿಗೆ ನಿಲ್ಲುವುದೂ ದುಬಾರಿ, ನಡೆಯುವುದೂ ದುಬಾರಿ. ಎರಡನೆಯ ಮಹಾಯುದ್ಧದ ವರ್ಷಗಳು (1939-45) ಈ ಕಷ್ಟವನ್ನು ಇಮ್ಮಡಿಗೊಳಿಸಿದವು. ಬಟ್ಟೆ, ಸೀಮೆಎಣ್ಣೆ, ಪೆಟ್ರೋಲು, ಕಾಗದ, ಧಾನ್ಯ ಎಲ್ಲಕ್ಕೂ ಅಭಾವ, ನಿಯಂತ್ರಣಗಳು ಬಂದವು. ನಾಟಕ ಕಂಪನಿ ಬಳಸುವ ವಸ್ತುಗಳ ಪಟ್ಟಿಗೂ ಈ ಪಟ್ಟಿಗೂ ಹೆಚ್ಚು ವ್ಯತ್ಯಾಸವಿಲ್ಲ.

6. ಬೆಳ್ಳಿತೆರೆಯ ಆಸೆ ಮತ್ತು ಆಘಾತ

ಚಲನಚಿತ್ರ ಬಂದದ್ದರಿಂದ ವೃತ್ತಿರಂಗಭೂಮಿ ಕುಸಿಯಿತು ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ವೀರಣ್ಣನವರ ವಿಷಯದಲ್ಲಿ ಈ ಮಾತನ್ನು ಎಚ್ಚರದಿಂದ ಬಳಸಬೇಕಾಗುತ್ತದೆ. ಚಲನಚಿತ್ರವನ್ನು ಅವರು ಎದುರಾಳಿಯಾಗಿ ಕಾಣುವ ಮೊದಲೇ ಆಶ್ರಯವಾಗಿ ಕಂಡಿದ್ದರು. ಮೂಕಿಚಿತ್ರಗಳ ಕಾಲದಲ್ಲಿಯೇ, 1930ರ ಆಸುಪಾಸಿನಲ್ಲಿ, ಅವರು ಚಿತ್ರನಿರ್ಮಾಣಕ್ಕೆ ಇಳಿದರು. 'ಹಿಸ್ ಲವ್ ಅಫೇರ್', 'ಹರಿಮಾಯಾ' ಮೊದಲಾದವು ಆ ಯತ್ನದ ಫಲಗಳು. 1935ರಲ್ಲಿ 'ಸದಾರಮೆ' ವಾಕ್ಚಿತ್ರವಾಗಿ ಬಂದಾಗ ಅವರ ಕಳ್ಳ ತೆರೆಯ ಮೇಲೂ ಕಾಣಿಸಿಕೊಂಡ. 'ಸುಭದ್ರಾ' (1941), 'ಜೀವನ ನಾಟಕ' (1942), 'ಹೇಮರೆಡ್ಡಿ ಮಲ್ಲಮ್ಮ' ಚಿತ್ರಗಳ ಹಿಂದೆಯೂ ಅವರು ಇದ್ದರು. 'ಜೀವನ ನಾಟಕ'ಕ್ಕೆ ಅ.ನ. ಕೃಷ್ಣರಾಯರ ಲೇಖನಿ ದೊರೆಯಿತು.

ನಾಟಕದ ಯಜಮಾನನೊಬ್ಬ ಚಿತ್ರದತ್ತ ಹೊರಳಿದ್ದಕ್ಕೆ ಕಾರಣಗಳನ್ನು ಮೇಲೆ ವಿವರಿಸಿದ ಲೆಕ್ಕದಲ್ಲಿಯೇ ಹುಡುಕಬೇಕು. ಚಿತ್ರಕ್ಕೆ ಒಮ್ಮೆ ಖರ್ಚು ಮಾಡಿದರೆ ಸಾಕು. ಡಬ್ಬಿಯಲ್ಲಿಟ್ಟ ಸುರುಳಿ ಊಟ ಕೇಳುವುದಿಲ್ಲ, ಮುನಿಸಿಕೊಳ್ಳುವುದಿಲ್ಲ, ಮಳೆಯಲ್ಲಿ ದನಿ ಕಳೆದುಕೊಳ್ಳುವುದಿಲ್ಲ; ಒಂದೇ ರಾತ್ರಿ ಹತ್ತು ಊರುಗಳಲ್ಲಿ ಆಡುತ್ತದೆ. ಆದರೆ ಆ ಸೌಕರ್ಯಕ್ಕೆ ತೆತ್ತ ಬೆಲೆ ದೊಡ್ಡದು. ಮೊದಲ ಚಿತ್ರಗಳು ನಾಟಕದಷ್ಟು ಯಶಸ್ಸನ್ನು ಅವರಿಗೆ ತರಲಿಲ್ಲ. ಕಂಪನಿ ಕಲಿಸಿದ ನಟರು, ಗಾಯಕರು, ಬರಹಗಾರರು ಒಬ್ಬೊಬ್ಬರಾಗಿ ಮದರಾಸಿನ ಸ್ಟುಡಿಯೋಗಳ ದಾರಿ ಹಿಡಿದರು. ವೀರಣ್ಣನವರ ಸಂಸ್ಥೆಯೂ ಪಾಲುಗೊಂಡು ನಿರ್ಮಿಸಿದ 'ಬೇಡರ ಕಣ್ಣಪ್ಪ' 1954ರಲ್ಲಿ ತೆರೆಕಂಡಿತು. ಎಚ್.ಎಲ್.ಎನ್. ಸಿಂಹರು ನಿರ್ದೇಶಿಸಿದ ಆ ಚಿತ್ರದಿಂದ ರಾಜಕುಮಾರ್ ನಾಯಕನಟರಾದರು, ನರಸಿಂಹರಾಜು, ಜಿ.ವಿ. ಅಯ್ಯರ್ ಮೊದಲಾದವರಿಗೂ ಹೊಸ ದಾರಿ ತೆರೆಯಿತು. ಕನ್ನಡ ಚಲನಚಿತ್ರದ ನೆಲೆಗಟ್ಟನ್ನು ಗಟ್ಟಿಗೊಳಿಸಿದ ಈ ಕ್ಷಣವೇ ಕಂಪನಿಗೆ ತನ್ನ ಜನರನ್ನು ಕಳೆದುಕೊಳ್ಳುವ ಕ್ಷಣವೂ ಆಯಿತು. ಅವರು ಹೋದದ್ದು ಶಿಕ್ಷಿತ ನಟರಾಗಿ. ಆ ಶಿಕ್ಷಣದ ಖರ್ಚು ರಂಗಭೂಮಿಯದು, ಪ್ರತಿಫಲ ಚಿತ್ರರಂಗದ್ದು.

7. ಸಮಾರೋಪ

ಇಳಿವಯಸ್ಸಿನಲ್ಲಿ ವೀರಣ್ಣನವರಿಗೆ ಗೌರವಗಳಿಗೆ ಕೊರತೆಯಾಗಲಿಲ್ಲ. ಮೈಸೂರು ಅರಸರಿಂದ ಬಂದ ನಾಟಕರತ್ನ ಬಿರುದಿನಿಂದ ಹಿಡಿದು 1972ರ ಪದ್ಮಶ್ರೀವರೆಗೆ ಅವು ಹಬ್ಬಿವೆ. ಅದೇ ವರ್ಷ ಅಕ್ಟೋಬರ್ 18ರಂದು ಅವರು ನಿಧನರಾದರು. ಕರ್ನಾಟಕ ಸರ್ಕಾರ ವೃತ್ತಿರಂಗಭೂಮಿಯ ಕಲಾವಿದರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥ‌ಾಪಿಸಿದೆ.

ಅವರ ಆತ್ಮಕಥನಕ್ಕೆ 'ಕಲೆಯೇ ಕಾಯಕ' ಎಂಬ ಹೆಸರಿದೆ. ಕಾಯಕವೆಂಬ ಪದವನ್ನು ಇಲ್ಲಿ ಬಹುಮಟ್ಟಿಗೆ ನಟನ ನಿಷ್ಠೆಯೆಂದು ಅರ್ಥೈಸಲಾಗುತ್ತದೆ. ವಚನಪರಂಪರೆಯಲ್ಲಿ ಆ ಪದ ದಾಸೋಹದಿಂದ ಬೇರ್ಪಟ್ಟು ನಿಲ್ಲುವುದಿಲ್ಲ. ದುಡಿದು ತಂದದ್ದನ್ನು ಹಂಚಿ ಉಣ್ಣುವುದು ಅದರ ಇನ್ನೊಂದು ಮುಖ. ಕಂಪನಿಯ ಭೋಜನಶಾಲೆಯಲ್ಲಿ, ಆಟವಿಲ್ಲದ ಮಳೆಗಾಲದ ದಿನಗಳಲ್ಲಿಯೂ ಹಾಕಿದ ಎಲೆಗಳ ಸಾಲಿನಲ್ಲಿ ಈ ಎರಡನೆಯ ಮುಖವಿದೆ. ಬಿ.ವಿ. ಕಾರಂತರನ್ನು ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದ್ದು ಅಂತಹ ದಾಸೋಹದ ವಿಸ್ತರಣೆಯೇ. ಅವರು ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ಕಲಾವಿದರಿಗೆ ತಿಂಗಳ ಸಂಬಳ ದೊರೆಯುವ, ಮಳೆ ಬಂದರೂ ಅಭ್ಯಾಸ ನಿಲ್ಲದ ರೆಪರ್ಟರಿಯೊಂದು ಕಂಪನಿಯಲ್ಲಿ ಬೆಳೆದ ಹುಡುಗನಿಂದ ರೂಪುಗೊಂಡದ್ದು ಆಕಸ್ಮಿಕವೆನಿಸುವುದಿಲ್ಲ. ವೀರಣ್ಣನವರು ಟಿಕೆಟ್ಟಿನ ಹಣದಲ್ಲಿ ಹೊರಬೇಕಾಗಿದ್ದ ಭಾರವನ್ನು ಅಲ್ಲಿ ಸರ್ಕಾರದ ಅನುದಾನ ಹೊತ್ತಿತು.

ಹಾಗೆಂದು ಕಂಪನಿಯನ್ನು ಆದರ್ಶವೆಂದು ಬಗೆಯಲಾಗದು. ಅನ್ನ ಕೊಡುವ ಕೈಗೆ ಎದುರಾಡಲಾರದ ನಟ, ಬಾಲ್ಯವನ್ನು ರಾತ್ರಿಗಳಿಗೆ ಒಪ್ಪಿಸಿದ ಮಗು, ಎರಡು ದುಡಿಮೆಗಳ ನಡುವೆ ದಣಿದ ನಟಿ ಇವರ ಬದುಕು ಆ ವ್ಯವಸ್ಥೆಯ ಲೆಕ್ಕದಲ್ಲಿ ಸೇರಬೇಕು. ವೀರಣ್ಣನವರು ಆ ವ್ಯವಸ್ಥೆಯ ಯಜಮಾನರೂ ಹೌದು, ಅದರಲ್ಲಿಯೇ ಬೆಳೆದ ಬಾಲನಟರೂ ಹೌದು. ಈ ಎರಡನ್ನೂ ಒಟ್ಟಿಗೆ ಹಿಡಿದು ನೋಡಿದಾಗ ಅವರ ಬದುಕು ಬಿರುದುಗಳ ಪಟ್ಟಿಗಿಂತ ಹೆಚ್ಚು ಮಾನವೀಯವಾಗಿ ತೋರುತ್ತದೆ.

ವೃತ್ತಿರಂಗಭೂಮಿಯ ಅಧ್ಯಯನ ಇದುವರೆಗೆ ನಾಟಕಕೃತಿ, ರಂಗಗೀತೆ, ನಟರ ಜೀವನಚರಿತ್ರೆಗಳ ಸುತ್ತ ಹೆಚ್ಚಾಗಿ ನಡೆದಿದೆ. ಕಂಪನಿಗಳ ಜಮಾಖರ್ಚಿನ ಪುಸ್ತಕ, ಬಾಡಿಗೆ ಚೀಟಿ, ಸಾಲಪತ್ರ, ಹ್ಯಾಂಡ್‌ಬಿಲ್ಲು, ಪರವಾನಗಿ ಕಾಗದಗಳು ಎಲ್ಲೆಲ್ಲಿ ಉಳಿದಿವೆಯೋ ಅವುಗಳನ್ನು ಸಂಗ್ರಹಿಸಿ ಪರಿಶೀಲಿಸುವ ಕಾರ್ಯ ತುರ್ತಾಗಿ ಆಗಬೇಕಾಗಿದೆ. ಹಾರ್ಮೋನಿಯಂ ಮಾಸ್ತರರು, ಪರದೆ ಬಾಡಿಗೆ ಕೊಡುವವರು, ಹಳ್ಳಿಯಿಂದ ಹಳ್ಳಿಗೆ ಪಾತ್ರಕ್ಕಾಗಿ ಹೋಗುವ ವೃತ್ತಿ ಕಲಾವಿದೆಯರು ಸಾಸ್ವೆಹಳ್ಳಿಯಂತಹ ಸೀಮೆಗಳ ಬೇಸಿಗೆಯ ನಾಟಕಗಳನ್ನು ಹಿಂದಿನಿಂದ ಎತ್ತಿಹಿಡಿದವರು. ಅವರಿಗೂ ಬೇಸಿಗೆ ಮುಗಿದು ಮಳೆಗಾಲ ಬರುತ್ತದೆ. ಕಂಪನಿಯ ಒಲೆಯ ಆಸರೆ ಅವರಿಗಿಲ್ಲ. ಆ ತಿಂಗಳುಗಳನ್ನು ಅವರು ಹೇಗೆ ಕಳೆಯುತ್ತಾರೆಂಬ ಪ್ರಶ್ನೆಯಿಂದ ಮುಂದಿನ ಅಧ್ಯಯನ ಆರಂಭವಾಗಬೇಕು.